ಶುಕ್ರವಾರ ಕೆಡುವ ಲೈನು

ಏಣಿಯ ಮೇಲೆ ನಿಂತವನು ಕಟರ್ ಒತ್ತಿದ. ಕಪ್ಪು ತಂತಿ ಸುರುಳಿಯಾಗಿ ಅಂಗಳಕ್ಕೆ ಬಿತ್ತು.

ಒಳಗೆ ಗಂಗಕ್ಕಜ್ಜಿ ಧರ್ಮಪುರದ ತಂಗಿಯೊಡನೆ ಫೋನಿನಲ್ಲಿ ಶೇಂಗಾ ಬೆಳೆಯ ಸುದ್ದಿ ಮಾತಾಡುತ್ತಿದ್ದಳು. ಅರ್ಧ ಮಾತಿಗೆ ರಿಸೀವರ್ ಮೂಕವಾಯಿತು.

ಸುಚಿತ್ರಾ ಹೊರಗೆ ಓಡಿ ಬಂದಳು.

"ಯಾರ್ರೀ ನೀವು? ಒಂದು ಮಾತು ಕೇಳದೆ ಕತ್ತರಿಸಿಬಿಟ್ರಲ್ಲ. ಇಳೀರಿ ಕೆಳಗೆ."

"ಹಳೇ ತಂತಿ ಬೇಡ, ಕತ್ತರಿಸು ಅಂತ ಮನೆಯವ್ರೇ ಅಂದ್ರು ಮೇಡಂ…"

"ಯಾವ ಮನೆಯವ್ರು?"

ಅವನು ಪಕ್ಕದ ಗೋಡೆಯ ಕಡೆ ಕೈ ತೋರಿಸಿದ. ಗೋಡೆಯ ಮೇಲೆ ಕಾಣುತ್ತಿದ್ದ ಪಕ್ಕದ ಮನೆ ಜಯಶೀಲಾಳ ತಲೆ ಮೆಲ್ಲಗೆ ಕೆಳಗಿಳಿದು ಮಾಯವಾಯಿತು.

ಸುಚಿತ್ರಾಳಿಗೆ ಸಿಟ್ಟಿನ ನಡುವೆಯೇ ನಗು ಬಂತು. ಅದನ್ನು ತುಟಿಯಲ್ಲೇ ಕಚ್ಚಿ ಹಿಡಿದಳು. ಏಣಿ ಇಳಿದು ಬಂದವನ ಹೆಸರು ಪ್ರಭು. ಬಿಸಿಲಿಗೆ ಕಂದಿದ ಮುಖ, ತಪ್ಪು ಮಾಡಿದ ಮಗುವಿನಂಥ ಕಣ್ಣು. 'ಬೈಯಲೂ ಬಿಡುವುದಿಲ್ಲವಲ್ಲ ಈ ಕಣ್ಣು…' ಅಂದುಕೊಂಡಳು.

ಹೊಸ ಲೈನು ಎಳೆಯಲು ಅವನನ್ನು ಕರೆಸಿದವಳು ಸುಚಿತ್ರಾಳೇ. ಮಾತು ತಡವಾಗಿ ಬರುವ ಮಕ್ಕಳಿಗೆ ಮಾತು ಕಲಿಸುವುದು ಸುಚಿತ್ರಾಳ ಕೆಲಸ. ದುರ್ಗದ ಒಂದು ಕೇಂದ್ರದಲ್ಲಿದ್ದವಳು, ತನ್ನನ್ನು ಸಾಕಿ ಬೆಳೆಸಿದ ಅಜ್ಜಿಗೆ ಕಣ್ಣಿನ ಆಪರೇಷನ್ ಆದ ಮೇಲೆ ಜವನಗೊಂಡನಹಳ್ಳಿಗೆ ಬಂದು, ಮನೆಯಿಂದಲೇ ವಿಡಿಯೋದಲ್ಲಿ ಪಾಠ ಮಾಡುವುದಾಗಿ ಒಪ್ಪಿಕೊಂಡಿದ್ದಳು. ಮೊಬೈಲ್ ಸಿಗ್ನಲ್ ಅಟ್ಟ ಹತ್ತಿದರೆ ಉಂಟು, ಇಳಿದರೆ ಇಲ್ಲ. ಮನೆಯ ಹಳೇ ತಂತಿಯಲ್ಲಿ ಇಂಟರ್ನೆಟ್ ಬರುವುದಿಲ್ಲ, ಫೈಬರ್ ಎಳೆಯಬೇಕು ಅಂದರು.

ಆದರೆ ಆ ಹಳೇ ತಂತಿ ತೀರಿಹೋದ ತಾತ ಮಾರಪ್ಪ ಹಾಕಿಸಿದ್ದು. ಬೀದಿಗೆಲ್ಲ ಅದೊಂದೇ ಫೋನು ಇದ್ದ ಕಾಲ. ಹುಟ್ಟಿದ್ದು, ಸತ್ತದ್ದು, ಸಂಬಂಧ ಕುದುರಿದ್ದು, ಎಲ್ಲ ಸುದ್ದಿಯೂ ಆ ಕೆಂಪು ಪೆಟ್ಟಿಗೆಯಿಂದಲೇ ಊರಿಗೆ ಹಂಚಿಕೆಯಾಗಿತ್ತು. ಅಜ್ಜಿ ರಿಸೀವರ್ ಅನ್ನು ಎದೆಗೆ ಒತ್ತಿಕೊಂಡು ಕೂತುಬಿಟ್ಟಳು.

ಪ್ರಭು ಅವಳ ಎದುರು ನೆಲದ ಮೇಲೆ ಕೂತ. ನಂಬರು ಅದೇ ಇರುತ್ತದೆ, ಈ ಕೆಂಪು ಫೋನನ್ನೇ ಹೊಸ ಪೆಟ್ಟಿಗೆಗೆ ಸಿಕ್ಕಿಸುತ್ತೇನೆ ಎಂದು ನಿಧಾನವಾಗಿ ಹೇಳಿದ. ಅಜ್ಜಿ ಹೊಸ ವೈರನ್ನು ಬೆರಳಲ್ಲಿ ಸವರಿ ನೋಡಿದಳು.

"ಇಷ್ಟು ಸಣ್ಣ ದಾರದಾಗೆ ಏನಪ್ಪ ಬರ್ತೈತೆ? ಕರೆಂಟಾ?"

"ಕರೆಂಟಲ್ಲ ಅಜ್ಜಿ. ಬೆಳಕು."

ಅಜ್ಜಿ ನಂಬಲಿಲ್ಲ. ಅವನು ಲೈನು ಪರೀಕ್ಷಿಸುವ ಪೆನ್ನಿನಂಥ ಟಾರ್ಚನ್ನು ವೈರಿನ ಒಂದು ತುದಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಅವಳ ಅಂಗೈ ಮೇಲೆ ಹಿಡಿದ. ಸುಕ್ಕುಗಟ್ಟಿದ ಅಂಗೈಯ ನಡುವೆ ಒಂದು ಕೆಂಪು ಚುಕ್ಕೆ ಮೂಡಿತು… ಕುಂಕುಮದ ಹಾಗೆ.

ಅಜ್ಜಿ "ಕಣಿವೆ ಮಾರಮ್ಮ ತಾಯಿ" ಎಂದು ಆ ಅಂಗೈಯನ್ನು ಕಣ್ಣಿಗೊತ್ತಿಕೊಂಡಳು. ಪ್ರಭು ನಗಲಿಲ್ಲ. ಅವಳು ಕಣ್ಣು ತೆರೆಯುವವರೆಗೆ ಕೈ ಅಲುಗಿಸದೆ ಹಾಗೇ ಹಿಡಿದಿದ್ದ.

'ನಗಲಿಲ್ಲವಲ್ಲ ಇವನು…' ಸುಚಿತ್ರಾಳ ಎದೆಯೊಳಗೆ ಏನೋ ಒಂದು ಸದ್ದಿಲ್ಲದೆ ಹೊತ್ತಿಕೊಂಡಿತು. ದೈವ ದೀಪ ಹಚ್ಚುವಾಗ ಯಾರನ್ನೂ ಕೇಳುವುದಿಲ್ಲ.

ಹೊಸ ಲೈನು ಶುಕ್ರವಾರ ಬೆಳಿಗ್ಗೆ ಸತ್ತಿತು. ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿನುಗತೊಡಗಿತು. ಪ್ರಭು ಬಂದು, ವೈರನ್ನು ಬಿಚ್ಚಿ ನೋಡಿ, ಬೆನ್ನು ತಿರುಗಿಸಿ ಕೂತು ಸ್ಪಿರಿಟಿನಲ್ಲಿ ತುದಿ ಒರೆಸಿ ಸಿಕ್ಕಿಸಿದ. ಹಸಿರು ದೀಪ ಬಂತು. "ತುದಿಗೆ ಧೂಳು ಕುಂತಿತ್ತು," ಅಂದ. ಅಜ್ಜಿ ಅವನನ್ನು ಕೂರಿಸಿ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದಳು.

ಮಂಗಳವಾರ ಮತ್ತೆ ಕೆಟ್ಟಿತು. ಶುಕ್ರವಾರ ಮತ್ತೆ.

ಅವನು ಬರುತ್ತಿದ್ದ, ಒರೆಸುತ್ತಿದ್ದ, ಉಣ್ಣುತ್ತಿದ್ದ, ಹೋಗುತ್ತಿದ್ದ. ಹೋಗುವಾಗ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡುತ್ತಿದ್ದ. ಆ ನೋಟಕ್ಕಾಗಿ ತಾನು ಅಡುಗೆಮನೆಯಿಂದ ಹೊರಗೆ ಬಂದು ನಿಲ್ಲುತ್ತಿದ್ದೇನೆ ಎಂದು ತಿಳಿದ ದಿನ ಸುಚಿತ್ರಾಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ನಾಚಿಕೆಯ ಕೆಳಗೆ ಒಂದು ಸಂತೋಷ ಬೆಚ್ಚಗೆ ಮಲಗಿತ್ತು.

ಅದನ್ನು ಕೆದಕಿದವಳು ಜಯಶೀಲಾ. ನಲ್ಲಿಯ ಹತ್ತಿರ, ನಾಲ್ಕು ಜನರ ಮುಂದೆ.

"ಏನೇ ಸುಚಿ, ನಮ್ಮನೆ ಲೈನು ಹಾಕಿದಾಗಿಂದ ಒಂದಿನ ಕೆಟ್ಟಿಲ್ಲ. ನಿಮ್ಮನೇದು ವಾರಕ್ಕೆರಡು ಸಲ ಕೆಡ್ತೈತೆ. ಆ ಹುಡುಗ ರಿಪೇರಿ ಮಾಡೋಕೆ ಬರ್ತಾನೋ, ಬರೋಕೆ ರಿಪೇರಿ ಮಾಡ್ತಾನೋ?"

ಹೆಂಗಸರೆಲ್ಲ ನಕ್ಕರು. ಸುಚಿತ್ರಾಳ ಬೆಚ್ಚಗಿನ ಸಂತೋಷ ಅಲ್ಲೇ ತಣ್ಣಗಾಯಿತು. ಹೌದಲ್ಲ… ತುದಿಯನ್ನು ಯಾಕೆ ಯಾವಾಗಲೂ ಬೆನ್ನು ತಿರುಗಿಸಿಯೇ ಒರೆಸುತ್ತಾನೆ?

ಮುಂದಿನ ಮಂಗಳವಾರ ಬೆಳಿಗ್ಗೆ ಸುಚಿತ್ರಾ ತನ್ನ ಕೋಣೆಯಲ್ಲಿ ಹೊಳಲ್ಕೆರೆಯ ಪುಟ್ಟ ಅಂಜಲಿಗೆ ಪಾಠ ಮಾಡುತ್ತಿದ್ದಳು. ನಾಲ್ಕು ತುಂಬಿದರೂ ಒಂದು ಮಾತೂ ಆಡದ ಮಗು. ಅಂದು ತೆರೆಯ ಮೇಲೆ ಅದು ಸುಚಿತ್ರಾಳ ತುಟಿಯನ್ನೇ ನೋಡುತ್ತ, ಎಲ್ಲ ಬಲ ಕೂಡಿಸಿ "ಅ…" ಎಂದು ಬಾಯಿ ತೆರೆಯಿತು. ಪಕ್ಕದಲ್ಲಿ ಅದರ ತಾಯಿ ಉಸಿರು ಹಿಡಿದು ಕೂತಿದ್ದಳು.

ಲೈನು ಹೋಯಿತು.

ಅಟ್ಟ ಹತ್ತಿ ಮೊಬೈಲಿನಲ್ಲಿ ಕೇಳಿದಾಗ ಮಗು ಅತ್ತು ಮಲಗಿತ್ತು. ಸುಚಿತ್ರಾ ಅಲ್ಲಿಂದಲೇ ಲೈನಿನ ಗುತ್ತಿಗೆದಾರ ಜಯಕುಮಾರ್‌ಗೆ ಫೋನು ಮಾಡಿದಳು. ನಿಮ್ಮ ಹುಡುಗ ಬೇಕಂತಲೇ ಲೈನು ಕೆಡಿಸಿ ಮನೆಗೆ ಬರುತ್ತಾನೆ ಎಂದು ದೂರು ಹೇಳಿದಳು.

ಬೇರೆ ಹುಡುಗ ಬಂದು, ಏನೋ ಕೊಳೆ ಅಂತ ಅವಸರದಲ್ಲಿ ವೈರು ಒರೆಸಿ ಹೋದ. ಸಂಜೆ ಜಯಕುಮಾರ್ ತಿರುಗಿ ಫೋನು ಮಾಡಿದ. ಪ್ರಭುವನ್ನು ಹೊಳಲ್ಕೆರೆ ಕಡೆಗೆ ಕಳಿಸಿದ್ದಾನಂತೆ. ಇನ್ನೊಂದು ದೂರು ಬಂದರೆ ಕೆಲಸದಿಂದಲೇ ತೆಗೆಯುತ್ತಾನಂತೆ. ನಿಜವೇನಪ್ಪ ಎಂದು ಕೇಳಿದರೆ ಪ್ರಭು ಹೌದು ಅಂತಲೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲವಂತೆ.

'ಅಲ್ಲ ಅನ್ನಬಾರದಿತ್ತೇ…' ಆ ರಾತ್ರಿ ಅವಳು ಅರ್ಧ ರೊಟ್ಟಿಗೇ ಕೈ ತೊಳೆದಳು.

ಶುಕ್ರವಾರ ಬೆಳಿಗ್ಗೆ ಅವಳು ಪಾಠಕ್ಕೆ ಕೂರುವ ಮೊದಲು ಕೋಣೆಯಿಂದ ಹೊರಗೆ ಬಂದಳು. ಹಜಾರದಲ್ಲಿ ಊದುಬತ್ತಿಯ ವಾಸನೆ. ಸ್ನಾನ ಮಾಡಿದ ಅಜ್ಜಿ ಹೊಸ ಪೆಟ್ಟಿಗೆಯ ಮುಂದೆ ಕೂತಿದ್ದಳು. ಮೆಲ್ಲಗೆ ವೈರು ಬಿಚ್ಚಿದಳು. ಅದರ ಹೊಳೆಯುವ ತುದಿಗೆ ಬೆರಳಿನಿಂದ ಕುಂಕುಮ ಹಚ್ಚಿದಳು. ಕಣ್ಣಿಗೊತ್ತಿಕೊಂಡು ಮತ್ತೆ ಸಿಕ್ಕಿಸಿದಳು.

ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿನುಗತೊಡಗಿತು.

ಅಜ್ಜಿಯ ಮುಖ ಅರಳಿತು. "ನೋಡವ್ವ ಸುಚಿ, ಪೂಜೆ ಮುಗೀತಿದ್ದಂಗೆ ತಾಯಿ ಕೆಂಪಗೆ ಉರೀತಾಳೆ."

ಸುಚಿತ್ರಾ ಹತ್ತಿರ ಬಂದಳು. "ಅಜ್ಜಿ… ಪ್ರಭುಗೆ ಇದು ಗೊತ್ತಾ?"

"ಗೊತ್ತಿಲ್ದೆ ಏನು? ತುದಿಗೆ ಬ್ಯಾಡ ಅಜ್ಜಿ, ಪೆಟ್ಗೆ ಮೇಲಿಡ್ರಿ ಅಂದ. ಬೆಳಕು ಬರೋದು ತುದೀಲಿ, ಕುಂಕುಮ ಪೆಟ್ಗೆಗೆ ಇಡ್ತಾರೇನೋ ಅಂದೆ. ಪೂಜೆಗೇ ಅಂತ ಒಂದು ತುಂಡು ವೈರು ತಂದುಕೊಟ್ಟ, ಅದರಾಗೆ ಬೆಳಕೇ ಇಲ್ಲ. ಹಚ್ಚದ ದೀಪಕ್ಕೆ ಯಾರಾದ್ರೂ ಕೈ ಮುಗೀತಾರಾ?"

"ನನಗ್ಯಾಕೆ ಹೇಳ್ಲಿಲ್ಲ?"

ಅಜ್ಜಿ ಸೆರಗಿನಿಂದ ಬೆರಳು ಒರೆಸಿಕೊಂಡಳು. "ನೀನು ಸಿಡುಕ್ತೀಯ ಕಣವ್ವ. ನಮ್ಮ ಹುಡುಗಿಗೆ ಹೇಳ್ಬ್ಯಾಡಪ್ಪ ಅಂತ ನಾನೇ ಭಾಷೆ ತಗಂಡಿದ್ದೆ."

ಸುಚಿತ್ರಾ ಪೆಟ್ಟಿಗೆಯ ಮುಂದೆ ಬಗ್ಗಿದಳು. ವೈರು ಬಿಚ್ಚಿ, ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಮತ್ತೆ ಮತ್ತೆ ಒರೆಸಿದಳು. ಹಸಿರು ಬಂತು. ಆಮೇಲೆ ಅಜ್ಜಿಯ ಪಕ್ಕದಲ್ಲಿ ಕೂತು, ಸಿಡುಕದೆ, ಕುಂಕುಮ ಬೆಳಕಿಗೆ ಹೇಗೆ ಅಡ್ಡ ನಿಲ್ಲುತ್ತದೆ ಎಂದು ಬಿಡಿಸಿ ಹೇಳಿದಳು. ಅಜ್ಜಿ ಹತ್ತಿಯ ಮೇಲಿನ ಕೆಂಪನ್ನು ನೋಡಿ, "ಹಂಗಾರೆ ಆ ಮಗೀನ ಮಾತಿಗೆ ನಾನೇ ಅಡ್ಡ ನಿಂತಿದ್ನಾ?" ಅಂದಳು. ಎದ್ದು ಹೋಗಿ ಪೆಟ್ಟಿಗೆಯ ನೆತ್ತಿಗೆ ಕುಂಕುಮವಿಟ್ಟು ಬಂದಳು.

ಅಂದು ಪಾಠದಲ್ಲಿ ತೆರೆ ಅಲುಗಲಿಲ್ಲ. ಅಂಜಲಿ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. "ಅವ್ವ…" ಅಂತು. ಅದರ ತಾಯಿ ಅತ್ತಳು, ಸುಚಿತ್ರಾ ಅತ್ತಳು, ಹಿಂದೆ ನಿಂತಿದ್ದ ಅಜ್ಜಿಯೂ ಅತ್ತಳು.

'ಒಂದು ಮಗು ಇಷ್ಟು ಕಷ್ಟಪಟ್ಟು ಒಂದು ಮಾತಾಡಿತು. ನನಗೆ ಬಾಯಿದೆ… ಯಾಕೆ ಹೀಗೆ ಅಂತ ಅವನನ್ನೇ ಒಂದು ಮಾತು ಕೇಳಲಿಲ್ಲವಲ್ಲ.'

ಕೆಂಪು ಫೋನೆತ್ತಿ ಜಯಕುಮಾರ್‌ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಪ್ರಭು ಎಲ್ಲಿದ್ದಾನೆಂದು ಕೇಳಿಕೊಂಡಳು. ಹಿರಿಯೂರು, ದುರ್ಗ ದಾಟಿ ಹೊಳಲ್ಕೆರೆಯಲ್ಲಿ ಬಸ್ಸಿಳಿಯುವಾಗ ಮಧ್ಯಾಹ್ನ ಇಳಿದಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಮಾರ್ಕೆಟ್ ಯಾರ್ಡಿನ ಹಿಂದಿನ ಬೀದಿಯಲ್ಲಿ ಕಂಬಕ್ಕೊರಗಿದ ಏಣಿ, ಅದರ ಮೇಲೆ ಆ ಪರಿಚಿತ ಬೆನ್ನು ಕಂಡ ಕೂಡಲೇ ಎಲ್ಲ ಮರೆತುಹೋಯಿತು.

"ಇಳೀರಿ ಕೆಳಗೆ," ಅಂದಳು.

ಪ್ರಭು ತಿರುಗಿ ನೋಡಿದ. ಏಣಿ ಇಳಿದು ಬಂದು ಎದುರು ನಿಂತ. ಕಣ್ಣು ಅವೇ.

"ಅಜ್ಜಿ ಹುಷಾರಾಗಿದ್ದಾರಾ ಮೇಡಂ?"

ಅದು ಅವನ ಮೊದಲ ಮಾತು. ಸುಚಿತ್ರಾಳ ಕಣ್ಣು ತುಂಬಿತು.

"ಕುಂಕುಮ ನೋಡ್ದೆ. ದೂರು ವಾಪಸ್ ತಗಂಡೆ, ನಿಜ ಹೇಳ್ದೆ. ತಪ್ಪಾಯ್ತು… ಒಂದು ಮಾತು ನೀವು ಹೇಳಿದ್ರೆ ಸಾಕಿತ್ತಲ್ರೀ. ಅಲ್ಲ ಅಂತ ಯಾಕೆ ಅನ್ಲಿಲ್ಲ?"

ಅವನು ಕೈಯಲ್ಲಿದ್ದ ವೈರಿನ ಸುರುಳಿಯನ್ನು ಸುತ್ತುತ್ತ, ಬಿಚ್ಚುತ್ತ ನಿಂತ.

"ಮೊದಲೆರಡು ಸಲ ಅಜ್ಜಿಗೆ ಕೊಟ್ಟ ಮಾತಿಗೋಸ್ಕರ ಸುಮ್ನಿದ್ದೆ."

"ಆಮೇಲೆ?"

"ಆಮೇಲೆ… ತುದಿಗೆ ಹಾಕೋ ಒಂದು ಮುಚ್ಚಳ ಬ್ಯಾಗಲ್ಲೇ ಇತ್ತು. ಅದನ್ನ ಅಜ್ಜಿ ಕೈಗೆ ಕೊಟ್ಟು, ವೈರು ಬಿಚ್ಚಿದಾಗ ಇದನ್ನ ಹಾಕಿ ಇದರ ಮೇಲೆ ಇಡ್ರಿ ಕುಂಕುಮ ಅಂದಿದ್ರೆ ಅವತ್ತೇ ಮುಗೀತಿತ್ತು. ಕೊಡೋಕೆ ಮನಸ್ಸು ಬರ್ಲಿಲ್ಲ. ನೀವು ಹೇಳಿದ ದೂರು ಪೂರ್ತಿ ಸುಳ್ಳಲ್ಲ ಮೇಡಂ. ಅದಕ್ಕೇ ಅಲ್ಲ ಅನ್ನೋಕಾಗ್ಲಿಲ್ಲ."

ಸುಚಿತ್ರಾ ತಲೆ ತಗ್ಗಿಸಿದಳು. ಆ ಬೀದಿಯ ಸದ್ದೆಲ್ಲ ದೂರ ಸರಿದ ಹಾಗಾಯಿತು. ಅಜ್ಜಿ ಕಳಿಸಿದ್ದ ಕುಂಕುಮದ ಪೊಟ್ಟಣ ಬಿಚ್ಚಿ ಅವನ ಮುಂದೆ ಹಿಡಿದಳು. ಅವನು ಬೆರಳದ್ದಿ ಹಣೆಗಿಟ್ಟುಕೊಂಡ.

"ಮೇಡಂ ಅನ್ನಬ್ಯಾಡ್ರಿ," ಅಂದಳು. "ಶುಕ್ರವಾರ ಬರ್ತೀರಾ?"

"ಲೈನ್ ಕೆಟ್ರೆ ಬರ್ತೀನಿ."

"ಇನ್ಮೇಲೆ ಕೆಡಲ್ಲ."

ಪ್ರಭುವಿನ ಮುಖ ಒಂದು ಕ್ಷಣ ಬಾಡಿತು.

"ಆದ್ರೂ ಬರ್ರಿ," ಅಂದಳು ಸುಚಿತ್ರಾ.