ಅಕ್ಷರಗಳಿಗೆ ಹಚ್ಚಿದ ಮರಳು

"ಇನ್ನೂ ಎಷ್ಟಿವೆ ಅಪ್ಪ?"

"ಕಳಿಸಿದಷ್ಟೂ ಇವೆ. ಒಂದೂ ಹೋಗಿಲ್ಲ," ಎಂದು ಅಪ್ಪ ಲಾರಿಯಿಂದ ಇಳಿಸಿದ ರಟ್ಟಿನ ಪೆಟ್ಟಿಗೆಯನ್ನು ನೆಲಕ್ಕೆ ಕುಕ್ಕಿದರು.

ಓರಿಯಾನ್ ಪೆಟ್ಟಿಗೆಯ ಮೇಲಿನ ವಿಳಾಸ ಓದಿದಳು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಒಹಾಯೊ ಎಂದಿತ್ತು. ಒಳಗೆ ಅಪ್ಪನ ಬೇಕರಿಯ ಬೆಣ್ಣೆ ಬಿಸ್ಕತ್ತಿನ ಡಬ್ಬಿಗಳು. ಪ್ರತಿ ವರ್ಷ ಅವು ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿದ್ದವು. ಈ ಸಲ ಬಂದರಿನವರೆಗೆ ಹೋಗಿ, ನಾರ್ಮಂಡಿಯ ಈ ಪುಟ್ಟ ಊರಿಗೇ ತಿರುಗಿ ಬಂದಿದ್ದವು.

ಅಮೆರಿಕ ಇರಾಕಿನ ಮೇಲೆ ಯುದ್ಧಕ್ಕೆ ಹೊರಟಿತ್ತು. ಫ್ರಾನ್ಸ್ "ಇದು ಸರಿಯಲ್ಲ, ನಾವು ಬರೋದಿಲ್ಲ" ಎಂದಿತ್ತು. ಎಷ್ಟೋ ಕಾಲದ ಸ್ನೇಹಿತರು ಮುಖ ತಿರುಗಿಸಿಕೊಂಡಿದ್ದರು. ನಮ್ಮ ಗಿರಾಕಿಗಳು ಫ್ರಾನ್ಸಿನ ಸಾಮಾನು ಮುಟ್ಟುತ್ತಿಲ್ಲ ಎಂದು ಒಹಾಯೊದ ಅಂಗಡಿಯವರು ಪತ್ರ ಬರೆದಿದ್ದರು.

"ಬಿಸ್ಕತ್ತು ಪಾಪ, ಯಾರ ತಂಟೆಗೆ ಹೋಗಿತ್ತು?" ಎಂದರು ಬಾಗಿಲಲ್ಲಿ ನಿಂತ ಅಜ್ಜಿ.

ಅಪ್ಪ ಮುಂದಿನ ಪೆಟ್ಟಿಗೆ ಎತ್ತಿಕೊಂಡರು. ಬೇಕರಿಯ ಕೆಲಸದವರಿಬ್ಬರಿಗೆ ಸೋಮವಾರದಿಂದ ಬರಬೇಡಿ ಎಂದು ಹೇಳುವುದಿತ್ತು ಅವರಿಗೆ.

ಮರುದಿನ ಶಾಲೆಯಲ್ಲಿ ಅವಳ ತರಗತಿಯ ಗತಿಯಾನ್ ಗೋಡೆಗೆ ಒಂದು ಹಾಳೆ ಅಂಟಿಸಿದ. ಮೇಲೆ 'ಅಮೆರಿಕದ್ದು ಏನೂ ಬೇಡ' ಎಂದು ಕೆಂಪು ಪೆನ್ನಿನಲ್ಲಿ ಬರೆದಿತ್ತು.

"ಕೋಲಾ ಬೇಡ, ಬರ್ಗರ್ ಬೇಡ. ಎಲ್ಲರೂ ಸಹಿ ಹಾಕಿ!" ಎಂದ.

"ನೀನು ಹಾಕ್ಕೊಂಡಿರೋ ಜೀನ್ಸ್ ಎಲ್ಲೀದೋ?" ಎಂದು ಯಾರೋ ಕೂಗಿದರು. "ನಾಳೆಯಿಂದ ಚಡ್ಡೀಲಿ ಬರ್ತೀಯಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಓರಿಯಾನ್ ನಗಲಿಲ್ಲ. ಅವಳ ಕಣ್ಣ ಮುಂದೆ ಪೆಟ್ಟಿಗೆಗಳ ರಾಶಿ ಇತ್ತು. ಪೆನ್ನು ಕಸಿದುಕೊಂಡು ಎಲ್ಲರಿಗಿಂತ ದೊಡ್ಡದಾಗಿ ಸಹಿ ಹಾಕಿದಳು.

"ಹಂಗಾದ್ರೆ ಗೋರಿಗೂ ಹೋಗಬಾರದು," ಎಂದ ಗತಿಯಾನ್. "ಅದೂ ಅಮೆರಿಕದವರದ್ದೇ ಅಲ್ವಾ? ನಾವಂತೂ ಈ ವರ್ಷ ಹೋಗಲ್ಲ."

"ನಾವೂ ಹೋಗಲ್ಲ ಕಣೋ," ಎಂದುಬಿಟ್ಟಳು ಓರಿಯಾನ್.

ಅಜ್ಜಿ ಹತ್ತು ವರ್ಷದ ಹುಡುಗಿಯಾಗಿದ್ದಾಗ ಆ ಹಳೆಯ ದೊಡ್ಡ ಯುದ್ಧ ಅವರ ಊರಿಗೇ ಬಂದಿತ್ತು. ಊರನ್ನು ಶತ್ರುಗಳ ಕೈಯಿಂದ ಬಿಡಿಸಲು ಕಡಲು ದಾಟಿ ಬಂದ ಅಮೆರಿಕದ ಸಿಪಾಯಿಗಳು ಸಾವಿರಾರು ಮಂದಿ ಇಲ್ಲೇ ಮಣ್ಣಾದರು. ಆಮೇಲೆ ಊರಿನ ಒಂದೊಂದು ಮನೆಯವರು ಒಂದೊಂದು ಗೋರಿಯನ್ನು ತಮ್ಮದೆಂದುಕೊಂಡರು. ಓರಿಯಾನಳ ಮನೆಯ ಪಾಲಿಗೆ ಬಂದವನು ಡೇಲ್ ಹಾಸ್ಕಿನ್. ವರ್ಷಕ್ಕೊಮ್ಮೆ ಅವನ ಬಳಿ ಹೋಗಿ ಹೂವಿಟ್ಟು ಬರುವುದು ಒಂದು ಸಲವೂ ತಪ್ಪಿರಲಿಲ್ಲ.

ಭಾನುವಾರ ಬೆಳಿಗ್ಗೆ ಚರ್ಚಿನ ಪೂಜೆ ಮುಗಿಸಿ ಬಂದ ಅಜ್ಜಿ ಹಿತ್ತಲಿನ ಬಿಳಿ ಗುಲಾಬಿ ಕೊಯ್ದು ಕಟ್ಟು ಕಟ್ಟಿದರು.

"ಅಮ್ಮ, ಈ ಸಲ ನಾನು ಕಾರು ತೆಗೆಯಲ್ಲ," ಎಂದರು ಅಪ್ಪ.

"ಬೇಡಪ್ಪ. ಬಸ್ಸಿದೆ."

"ನಾನೂ ಬರಲ್ಲ ಅಜ್ಜಿ. ಸಹಿ ಹಾಕಿದೀನಿ."

"ಸರಿ ಮಗು," ಎಂದು ಅಜ್ಜಿ ತಲೆಗೆ ವಸ್ತ್ರ ಕಟ್ಟಿಕೊಂಡು, ಬಕೆಟ್ಟನ್ನು ಕೈಗೆ ತೂಗುಹಾಕಿಕೊಂಡು ಹೊರಟರು.

ಓರಿಯಾನ್ ಕಿಟಕಿಯಿಂದ ನೋಡಿದಳು. ಅಜ್ಜಿ ಮೂರು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಅವರ ಮಂಡಿ ಮಡಚಲು ಬರುವುದಿಲ್ಲ. ಗೋರಿಯ ಮೇಲೆ ಬರೆದ ಕೆಳಗಿನ ಸಾಲನ್ನು ತಿಕ್ಕಲು ಅವರ ಕೈ ಹೇಗೆ ಮುಟ್ಟೀತು? ಎರಡು ವರ್ಷದಿಂದ ಆ ಕೆಲಸ ಓರಿಯಾನಳದೇ ಆಗಿತ್ತು.

ಬಸ್ಸು ಬಂದಾಗ ಬಕೆಟ್ಟು ಅವಳ ಕೈಯಲ್ಲಿತ್ತು. "ಬಕೆಟ್ಟು ಹೊರೋಕೆ ಬಂದೆ ಅಷ್ಟೆ," ಎಂದಳು ಬಿಗಿಯಾಗಿ. ಅಜ್ಜಿ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟರು.

ಕಡಲಿನ ಮೇಲಿನ ಹಸಿರು ದಿಬ್ಬದ ತುಂಬ ಬಿಳಿ ಶಿಲುಬೆಗಳು ಸಾಲಾಗಿ ನಿಂತಿದ್ದವು. ಬಿಳಿ ಕಲ್ಲಿನಲ್ಲಿ ಕೊರೆದ ಬಿಳಿ ಹೆಸರು ದೂರದಿಂದ ಕಾಣುವುದಿಲ್ಲ. ಅದಕ್ಕೇ ಕೆಳಗಿನ ದಂಡೆಯ ಒದ್ದೆ ಮರಳನ್ನು ಅಕ್ಷರಗಳಿಗೆ ತಿಕ್ಕುತ್ತಾರೆ. ಆಮೇಲೆ ಮೇಲಷ್ಟೇ ಒರೆಸಿದರೆ ಮರಳು ಕೊರೆದ ಗೆರೆಗಳಲ್ಲಿ ಮಾತ್ರ ಉಳಿದು, ಹೆಸರು ಹೊಂಬಣ್ಣದಲ್ಲಿ ಎದ್ದು ಬರುತ್ತದೆ.

ಓರಿಯಾನ್ ದಂಡೆಯಿಂದ ಬಕೆಟ್ಟಿನಲ್ಲಿ ಮರಳು ತಂದು, ಗೋರಿಯ ಮುಂದೆ ಮಂಡಿಯೂರಿ ಕೂತಳು. ಡೇಲ್ ಎಂದು ಮೂಡಿತು. ಹಾಸ್ಕಿನ್ ಎಂದು ಮೂಡಿತು. ಕೆಳಗಿನ ಸಾಲಿಗೆ ಬಂದವಳು ಅಲ್ಲೇ ಕೈ ನಿಲ್ಲಿಸಿದಳು. ಎರಡು ವರ್ಷ ತಿಕ್ಕಿದ್ದರೂ ಆ ಸಾಲನ್ನು ಅವಳು ಓದಿರಲಿಲ್ಲ.

"ಅಜ್ಜಿ, ಇವನು ಒಹಾಯೊದವನು!"

"ಹೌದಲ್ಲ."

"ಬಿಸ್ಕತ್ತು ಬೇಡ ಅಂದ ಊರು!"

ಅಜ್ಜಿ ಬಟ್ಟೆಯ ಮೇಲಿನ ಹುಲ್ಲು ಕೊಡವಿಕೊಂಡರು. "ಅಲ್ಲಿ ಇದ್ದದ್ದು ಹತ್ತೊಂಬತ್ತು ವರ್ಷ. ಇಲ್ಲಿ ಮಲಗಿ ಐವತ್ತೊಂಬತ್ತು ಆಯ್ತು. ಈಗ ಯಾವ ಊರಿನವನು ಅಂತೀಯೋ, ನೀನೇ ಹೇಳಮ್ಮ."

ಓರಿಯಾನ್ ಆ ಸಾಲನ್ನು ಇನ್ನೊಮ್ಮೆ ಓದಿದಳು. ಬೆರಳು ಮರಳಿಗೆ ಹೋಯಿತು. ಇಂಗ್ಲಿಷಿನ ಆ ನಾಲ್ಕು ಅಕ್ಷರವನ್ನೂ ನಿಧಾನವಾಗಿ ತುಂಬಿದಳು. ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಕಣ್ಣು ಮುಚ್ಚಿ 'ನಮೋ ಮರಿಯ' ಪ್ರಾರ್ಥನೆ ಹೇಳತೊಡಗಿದರು. ಕೆಳಗೆ ಅಲೆಗಳ ಸದ್ದು ಮಾತ್ರ ಇತ್ತು.

ಪಕ್ಕದ ಗೋರಿಯನ್ನು ನೋಡಿಕೊಳ್ಳುವವರು ಗತಿಯಾನನ ಮನೆಯವರು. ಹೋದ ವರ್ಷ ಅವನೂ ಅವಳೂ ಇಲ್ಲಿ ಒಂದೇ ಬಕೆಟ್ಟಿಗೆ ಕೈ ಹಾಕಿ ಬೈಸಿಕೊಂಡಿದ್ದರು. ಈ ಸಲ ಅಲ್ಲಿ ಹೂವಿರಲಿಲ್ಲ. ಹೆಸರು ಕಾಣುತ್ತಿರಲಿಲ್ಲ. ಬರಿ ಬಿಳಿ ಕಲ್ಲು.

ಬಕೆಟ್ಟಿನ ತಳದಲ್ಲಿ ಇನ್ನೂ ಮರಳಿತ್ತು. ಓರಿಯಾನ್ ಮಂಡಿಯ ಮೇಲೇ ಅತ್ತ ಸರಿದಳು.

ಮನೆಗೆ ಬಂದಾಗ ಅಪ್ಪ ಬಾಗಿಲು ತೆರೆದರು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಬಗ್ಗಿ, ಅವರ ಒದ್ದೆ ಬೂಟು ಬಿಚ್ಚಿ ಒಲೆಯ ಪಕ್ಕ ಒಣಗಲಿಟ್ಟರು.

ಸೋಮವಾರ ಗತಿಯಾನ್ ಶಾಲೆಯ ಗೇಟಿನಲ್ಲೇ ಅಡ್ಡ ನಿಂತ.

"ನೀನು ಬಸ್ಸಿನಲ್ಲಿ ಹೋಗಿದ್ದನ್ನ ನೋಡಿದ್ರು ನಮ್ಮಮ್ಮ. ಸಹಿ ಹಾಕಿದ್ದೆ ತಾನೇ?"

"ಹಾಕಿದ್ದೆ. ಹೋಗಿಯೂ ಬಂದೆ. ನಿಮ್ಮವನಿಗೂ ಮರಳು ಹಚ್ಚಿದೆ."

ಗತಿಯಾನ್ ಬೂಟಿನ ತುದಿಯಿಂದ ಜಲ್ಲಿ ಕೆದರುತ್ತಾ ನಿಂತ.

"ಕೊನೇ ಸಾಲಿಗೂ ಹಚ್ಚಿದೆಯಾ?" ಎಂದ ಮೆಲ್ಲಗೆ. "ಅದನ್ನ ಬಿಟ್ರೆ ನಮ್ಮ ತಾತ ಬೈತಿದ್ರು."

"ಹಚ್ಚಿದೆ. ಹೂವು ಇಡಲಿಲ್ಲ. ಅದು ನೀವು ಇಡೋದು."

ಗಂಟೆ ಹೊಡೆಯಿತು. ಉಳಿದವರು ಒಳಗೆ ಓಡಿದರು. ಗತಿಯಾನ್ ಅಲ್ಲಾಡಲಿಲ್ಲ.

"ಬುಧವಾರ ರಜೆ ಅಲ್ವಾ? ಬಸ್ಸು ಎಷ್ಟು ಗಂಟೆಗೆ?"

"ಒಂಬತ್ತೂ ಹತ್ತಕ್ಕೆ. ಚರ್ಚಿನ ಮುಂದೆ," ಎಂದಳು ಓರಿಯಾನ್.

ಇಬ್ಬರೂ ಒಳಗೆ ನಡೆದರು. ಗೋಡೆಯ ಮೇಲೆ ಇನ್ನೂ ಅಂಟಿಕೊಂಡಿದ್ದ ಹಾಳೆಯ ಮುಂದೆ ಹಾದು ತರಗತಿಗೆ ಹೋದರು.