ಜೋಳದ ಹೊಲದ ತೇಪೆ

ಸನ್ಮಾನದ ಶಾಲು ಹೊದ್ದವಳು ಮಂದಾಕಿನಿ. ಕಣ್ಣು ಉರಿಯುವ ತನಕ ಡ್ರೋನ್ ಫೋಟೊ ನೋಡಿ, ಮಣ್ಣಿನಡಿ ಹೂತಿದ್ದ ಕೋಟೆಯ ಕಂದಕ ಕಂಡುಹಿಡಿದವನು ವಿಜಯಕುಮಾರ. ಸನತ್‌ನಗರದ ಪುರಾತತ್ವ ಸರ್ವೆ ಕಚೇರಿಯಲ್ಲಿ ಆಕೆ ಮೇಲಧಿಕಾರಿ, ಅವನು ಕೈಕೆಳಗಿನವನು. ವರದಿಯ ಕೃತಜ್ಞತೆಯ ಸಾಲಿನಲ್ಲೂ ಅವನ ಹೆಸರಿರಲಿಲ್ಲ. ಸಮಾರಂಭದಲ್ಲಿ ಅವನೂ ಹಲ್ಲು ಕಚ್ಚಿಕೊಂಡು ಚಪ್ಪಾಳೆ ತಟ್ಟಿದ್ದ.

ಬೆಳೆದು ನಿಂತ ಹೊಲಕ್ಕೆ ಪೂಜೆ ಮಾಡಿ ನೈವೇದ್ಯ ಚೆಲ್ಲುವ ಎಳ್ಳಮಾಸಿ ಹಬ್ಬಕ್ಕೂ ಈ ಸಲ ಆಕೆ ರಜೆ ಕೊಡಲಿಲ್ಲ.

"ಹೊಲಕ್ಕ ಚರಗ ಚೆಲ್ಲಾಕ ಬರಂಗಿಲ್ಲೇನೋ?" ಎಂದು ಕಲಬುರಗಿಯಿಂದ ವಿಜಯಕುಮಾರನ ತಾಯಿ ಉಮಾಬಾಯಿ ಫೋನಿನಲ್ಲಿ ಕೇಳಿದಳು.

"ಹಬ್ಬ ಹಾಳಾಗಿ ಹೋಗ್ಲಿ ಬಿಡವ್ವಾ!" ಎಂದು ರೇಗಿದ.

ಹಬ್ಬದ ಮರುದಿನ ಜಹೀರಾಬಾದ್ ಕಡೆಯ ಹೊಲಗಳ ಫೋಟೊ ಬಂದವು. ನೆಲದಡಿ ಹಳೆಯ ಕಟ್ಟಡವೇನಾದರೂ ಇದೆಯೇ ಎಂದು ಹುಡುಕುವುದು ಅವನ ಕೆಲಸ. ಒಂದು ಹೊಲದ ನಡುವೆ ಜೋಳ ಗೆರೆ ಎಳೆದಂತೆ ಕುಳ್ಳಗೆ, ಹಳದಿಯಾಗಿತ್ತು. ದೊಡ್ಡ ಚೌಕ, ಅದರೊಳಗೊಂದು ಸಣ್ಣ ಚೌಕ. ಕೆಳಗೆ ಕಲ್ಲಿನ ಗೋಡೆಯಿದ್ದರೆ ಬೇರಿಗೆ ತೇವ ಸಿಗದೆ ಬೆಳೆ ಹೀಗೆ ಸೊರಗುತ್ತದೆ. ಅದು ಗುಡಿ, ಒಳಗಿನದು ಗರ್ಭಗುಡಿ. ಬಾಯಿ ಬಿಟ್ಟರೆ ಇನ್ನೊಂದು ಶಾಲು ಅವಳ ಹೆಗಲೇರುತ್ತದೆ. ಸಾಧ್ಯವೇ ಇಲ್ಲ.

ಅದೇ ಹೊಲದ ಮೂಲೆಯಿಂದ ಹಸಿರು ಬೆಳೆಯ ತುಂಡೊಂದನ್ನು ನಕಲು ಮಾಡಿ ಹಳದಿ ಗೆರೆಗಳ ಮೇಲೆ ಹೊದಿಸಿದ. ಬೇರೆ ಹೊಲದ್ದಾದರೆ ಬಣ್ಣ ಹೊಂದದು, ನೆರಳಿನ ದಿಕ್ಕು ತಪ್ಪುತ್ತದೆ. ಅವನೇನು ಹೊಸಬನೇ? ತುಂಡಿನಲ್ಲಿ ಸಣ್ಣ ಬಿಳಿ ಚುಕ್ಕೆಗಳಿದ್ದವು, ಕೊಕ್ಕರೆಗಳಿರಬೇಕು. ಇರಲಿ, ನಿಜದಂತೆ ಕಾಣುತ್ತದೆ. ಆ ಜಾಗ ಕಾಣುತ್ತಿದ್ದ ಉಳಿದ ಫೋಟೊಗಳನ್ನೂ ಹಾಗೆಯೇ ತಿದ್ದಿ, ಕ್ಯಾಮೆರಾದ ಮೂಲ ಕಾರ್ಡನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಎಲ್ಲಿ ಅಗೆಯಬೇಕೆಂದು ತಿಳಿಯಲು ಅದು ಬೇಕಿತ್ತು. ಸುಗ್ಗಿ ಮುಗಿದ ಮೇಲೆ ಹೊಲವನ್ನು ಗೇಣಿಗೆ ಹಿಡಿದು ಬಾವಿಯ ನೆಪದಲ್ಲಿ ಅಗೆಸುವುದು. ವಿಗ್ರಹ ಕೊಳ್ಳುವವನು ಆಗಲೇ ಸಿಕ್ಕಿದ್ದ.

ಮಂದಾಕಿನಿ ಫೋಟೊ ನೋಡುವವಳೇ ಅಲ್ಲ. 'ಏನೂ ಇಲ್ಲ' ಎಂದು ಬರೆದುಕೊಟ್ಟರೆ ಕಣ್ಣು ಮುಚ್ಚಿ ಸಹಿ ಹಾಕುತ್ತಾಳೆ. ನಾಳೆ ಗದ್ದಲವಾದರೂ ಆ ಸಹಿಯೇ ಅವಳ ಕುತ್ತಿಗೆಗೆ ಬರುತ್ತದೆ. ನನ್ನ ದುಡಿಮೆ ತಿಂದವಳು ಜೈಲಿನ ಊಟವನ್ನೂ ತಿನ್ನಲಿ ಎಂದುಕೊಂಡು, ನಗುತ್ತಲೇ ವರದಿ ಮುಂದಿಟ್ಟ.

ಆಕೆ ಪೆನ್ನಿನ ಮುಚ್ಚಳ ತೆಗೆದವಳು ಫೋಟೊ ಇದ್ದ ಟ್ಯಾಬ್ ಹತ್ತಿರಕ್ಕೆಳೆದುಕೊಂಡಳು. "ನಮ್ಮ ಭಾಲ್ಕಿ ಕಡೆ ಹೊಲ ಇದ್ದಂಗ ಐತಲ್ರೀ. ಹಬ್ಬಕ್ಕ ನಿಮ್ಮನ್ನೂ ಕಳಸಲಿಲ್ಲ, ನಾನೂ ಹೋಗಲಿಲ್ಲ. ಭಾಳ ಬ್ಯಾಸರಾತು," ಎಂದು ಚಿತ್ರವನ್ನು ದೊಡ್ಡದು ಮಾಡಿ ಮೂಲೆಯ ಬಿಳಿ ಚುಕ್ಕೆಗಳ ಮೇಲೆ ಬೆರಳಿಟ್ಟಳು. "ನೋಡ್ರಿ, ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರನ್ನ ಕುಂದ್ರಿಸ್ಯಾರ. ಎಳ್ಳಮಾಸಿ ಪೂಜಿ!" ಚಿಕ್ಕವನಿದ್ದಾಗ ತಮ್ಮ ಹೊಲದ ಆ ಕಲ್ಲುಗಳಿಗೆ ವಿಜಯಕುಮಾರನೇ ಸುಣ್ಣ ಹಚ್ಚುತ್ತಿದ್ದ. ಮೇಲಿಂದ ಅವು ಹೇಗೆ ಕಾಣುತ್ತವೆಂದು ಮಾತ್ರ ಗೊತ್ತಿರಲಿಲ್ಲ. ಮಂದಾಕಿನಿಯ ಬೆರಳು ಸರಿದು ಹೊಲದ ನಡುವೆ ನಿಂತಿತು. "ಒಂದು ಹೊಲಕ್ಕ ಒಂದೇ ಕಡೆ ಅಲ್ಲೇನ್ರಿ ಪಾಂಡವರು? ಇಲ್ಲೂ ಅವೇ ಐದು ಅದಾವ. ಅಲ್ಲಿ ವಾಲಿದ ಕಲ್ಲು ಇಲ್ಲೂ ಹಂಗೇ ವಾಲೇತಿ." ಆಕೆ ಪೆನ್ನು ಕೆಳಗಿಟ್ಟು ಅವನ ಮುಖ ನೋಡಿದಳು. "ಕ್ಯಾಮೆರಾದ ಕಾರ್ಡ್ ಎಲ್ಲೈತ್ರಿ, ವಿಜಯಕುಮಾರ?" ಅವನ ಕೈ ತಾನಾಗಿಯೇ ಅಂಗಿಯ ಜೇಬನ್ನು ಮುಚ್ಚಿಕೊಂಡಿತು.