ಫ್ರೀಜರಿನಲ್ಲಿ ಉಳಿದ ರಕ್ತ

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿದವರು ಇಬ್ಬರು ಹೆಂಗಸರು. ದೂರು ಕೊಡಲು ಬಂದವಳು ಹೊಲಿಗೆ ಅಂಗಡಿಯಾಕೆ. ಜೊತೆಗಿದ್ದವಳು ಅವಳ ನಾದಿನಿ, ಆಸ್ಪತ್ರೆಯ ನರ್ಸ್. ಅತ್ತಿಗೆ ಬಾಯಿ ತೆರೆದಾಗಲೆಲ್ಲ ಅಳುತ್ತಿದ್ದಳು. ನಾದಿನಿ ನೀರಿನ ಲೋಟ ಮುಂದೆ ಹಿಡಿಯುತ್ತಿದ್ದಳು. ಬಗ್ಗಿದಾಗಲೆಲ್ಲ ಅವಳ ಕೊರಳಿನ ಗುರುತಿನ ಕಾರ್ಡ್ ಇನ್ಸ್‌ಪೆಕ್ಟರರ ಮೂಗಿನ ಮುಂದೆ ತೂಗಾಡುತ್ತಿತ್ತು.

“ಇವಳ ಆಸ್ಪತ್ರೇಲೇ ಸಕ್ಕರೆ ಕಾಯಿಲೆಯವರಿಗೆ ಹೊಸ ಮಾತ್ರೆ ಕೊಟ್ಟು ಪರೀಕ್ಷೆ ಮಾಡ್ತಿದಾರೆ ಸಾರ್. ಕಿಡ್ನಿ ಚೆನ್ನಾಗಿದ್ರೆ ಮಾತ್ರ ಸೇರಿಸ್ಕೊಳ್ಳೋದಂತೆ. ನಮ್ಮನೆಯವರದು ಚೆನ್ನಾಗಿದೆ ಅಂತ ರಿಪೋರ್ಟ್ ಬಂತು. ಈಗ ನೋಡಿದ್ರೆ ಎರಡೂ ಕೈಕೊಟ್ಟು ಐಸಿಯುನಲ್ಲಿದಾರೆ. ಆ ಡಾಕ್ಟ್ರು ನಮ್ಮ ಸಂಸಾರಕ್ಕೆ ಮಣ್ಣು ಹಾಕಿದ್ರು.”

ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರರೂ ಸಕ್ಕರೆ ಕಾಯಿಲೆಯವರೇ. “ಸಾರ್, ಅಲ್ಲಿ ನೀವೂ ಹೆಸರು ಬರೆಸಿ ಬಂದ್ಬಿಟ್ಟೀರಾ!” ಎಂದು ಜೀಪಿನಲ್ಲಿ ದಫೇದಾರರು ಕಾಲೆಳೆದರು. ಇನ್ಸ್‌ಪೆಕ್ಟರರಿಗೆ ನಗು ಬರಲಿಲ್ಲ.

ಆಸ್ಪತ್ರೆಯಲ್ಲಿ ಈ ಸಂಶೋಧನೆಯ ಮುಖ್ಯಸ್ಥನಾದ ಡಾಕ್ಟರನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. “ರಿಪೋರ್ಟ್ ನಿಜವಾದ್ರೆ ನಮ್ಮ ಮಾತ್ರೆನೇ ಕಿಡ್ನಿ ಕೆಡಿಸಿದೆ. ಎರಡು ಗಂಟೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಶುರು ಮಾಡ್ತೀವಿ.”

“ಸುಳ್ಳಾಗಿದ್ರೆ?”

“ಕಿಡ್ನಿ ಮೊದಲೇ ಕೆಟ್ಟಿತ್ತು ಅಂತಾದ್ರೆ ಆ ಇಂಜೆಕ್ಷನ್ನಿಂದ ಪ್ರಯೋಜನ ಇಲ್ಲ. ಸಕ್ಕರೆ ಏರಿ ಸೋಂಕು ಹತ್ತಿದ್ರೆ ಜೀವಕ್ಕೇ ಸಂಚಕಾರ.”

ಅಲ್ಲಿ ಒಂದು ಪದ್ಧತಿಯಿತ್ತು. ಪ್ರತಿಯೊಬ್ಬರ ರಕ್ತವನ್ನೂ ಎರಡು ಟ್ಯೂಬಿಗೆ ತುಂಬಿ, ಒಂದನ್ನು ಪರೀಕ್ಷೆಗೆ ಕಳಿಸಿ, ಇನ್ನೊಂದನ್ನು ಫ್ರೀಜರಿನಲ್ಲಿ ಇಡುತ್ತಿದ್ದರು. ಸಂಶೋಧನೆ ಮುಗಿಯುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಇಬ್ಬರು ಪಂಚರ ಮುಂದೆ ಪಂಚನಾಮೆ ಮಾಡಿ ರೋಗಿಯ ಟ್ಯೂಬನ್ನು ಹೊರತೆಗೆದು ಲ್ಯಾಬಿಗೆ ಕೊಟ್ಟರು. ರೋಗಿಯದು ಬಿ ಪಾಸಿಟಿವ್. ಟ್ಯೂಬಿನಲ್ಲಿದ್ದದ್ದು ಎಬಿ ನೆಗೆಟಿವ್.

ಡಾಕ್ಟರ್ ತಲೆಯ ಮೇಲೆ ಕೈಹೊತ್ತು ಕುಳಿತ. “ಇದೊಂದೇ ಅದಲುಬದಲಾಗಿ, ಪರೀಕ್ಷೆಗೆ ಹೋಗಿದ್ದು ಇವರದೇ ಆಗಿದ್ರೆ? ಇಂಜೆಕ್ಷನ್ ತಡ ಆದ್ರೂ ಕಷ್ಟ. ನನಗೆ ನಿಜ ಬೇಕು ಇನ್ಸ್‌ಪೆಕ್ಟ್ರೇ.”

ಇನ್ಸ್‌ಪೆಕ್ಟರರಿಗೆ ಥಟ್ಟನೆ ನರ್ಸ್ ನೆನಪಾದಳು. ಬೆಳಿಗ್ಗೆ ಮೂಗಿನ ಮುಂದೆ ತೂಗಾಡಿದ ಕಾರ್ಡಿನಲ್ಲಿ, ಹೆಸರಿನ ಕೆಳಗೆ ಕೆಂಪಕ್ಷರದಲ್ಲಿ ಇದೇ ಗುಂಪು ಬರೆದಿತ್ತು.

ಐಸಿಯು ಹೊರಗಿನ ಬೆಂಚಿನಲ್ಲಿ ಅತ್ತಿಗೆ ನಾದಿನಿಯ ಹೆಗಲಿಗೆ ಒರಗಿ ನಿದ್ದೆಹೋಗಿದ್ದಳು. ಮಹಿಳಾ ಕಾನ್‌ಸ್ಟೆಬಲ್ ನರ್ಸನ್ನು ಪಕ್ಕದ ಕೋಣೆಗೆ ಕರೆತಂದಳು. ಗೋಡೆ ಗಡಿಯಾರದಲ್ಲಿ ಎರಡಾಗುತ್ತ ಬಂದಿತ್ತು.

“ನಿಮ್ಮಣ್ಣನ ರಕ್ತ ತೆಗೆದಿದ್ದು ಯಾರು?” ಇನ್ಸ್‌ಪೆಕ್ಟರರು ಕೇಳಿದರು.

“ನಾನೇ.”

“ಟ್ಯೂಬಿಗೆ ತುಂಬಿದ್ದು ಯಾರ ರಕ್ತ?”

ಅವಳು ಕೊರಳಿನ ಕಾರ್ಡನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

“ಗುಂಪು ಒಂದೇ ಅಂದ ಮಾತ್ರಕ್ಕೆ ಅದು ನಿಮ್ಮದು ಅಂತ ಸಾಬೀತಾಗಲ್ಲಮ್ಮ. ಬಾಯಿ ಬಿಡದಿದ್ರೆ ನೀವು ಪಾರಾದ್ರೂ ಆಗಬಹುದು. ಆದ್ರೆ ಆ ರಿಪೋರ್ಟ್ ನಂಬ್ಕೊಂಡು ಒಳಗೆ ಸ್ಟೀರಾಯ್ಡ್ ಕೊಡೋಕೆ ಹೊರಟಿದಾರೆ.”

ಅವಳು ಎದ್ದು ಓಡಿ, ಐಸಿಯು ಬಾಗಿಲಲ್ಲಿದ್ದ ಡಾಕ್ಟರನ ಕೈ ಹಿಡಿದುಕೊಂಡಳು. “ಕೊಡಬೇಡಿ ಡಾಕ್ಟ್ರೇ! ಅಣ್ಣನ ಕಿಡ್ನಿ ಮೊದಲೇ ಹಾಳಾಗಿತ್ತು. ಎರಡೂ ಟ್ಯೂಬಿನ ರಕ್ತ ನಂದೇ.”

ಬೆಂಚಿನಲ್ಲಿದ್ದ ಅತ್ತಿಗೆ ಎದ್ದು ನಿಂತಳು. “ಏನೇ ಇದು? ಬೆಳಿಗ್ಗೆ ನನ್ನ ಜೊತೆ ಠಾಣೆಗೆ ಬಂದ್ಯಲ್ಲೇ...”

ಬಂಧಿಸಿ ಕರೆದೊಯ್ಯುವಾಗ ದಫೇದಾರರು ತಡೆಯಲಾರದೆ ಹೇಳಿದರು. “ಆ ಎರಡನೇ ಟ್ಯೂಬ್ ತುಂಬದೆ ಬಿಟ್ಟಿದ್ರೆ ನಮಗೆ ಏನೂ ಸಿಗ್ತಿರಲಿಲ್ಲ ಕಣಮ್ಮ.”

“ಒಂದು ಟ್ಯೂಬನ್ನೂ ಖಾಲಿ ಬಿಡಬಾರದು ಅಂತ ಹೊಸಬರಿಗೆ ಕಲಿಸೋಳೇ ನಾನು ಸಾರ್. ಕೈ ತನ್ನಷ್ಟಕ್ಕೆ ತುಂಬಿಬಿಡ್ತು.”

ಅವಳ ಅಪ್ಪ ಇದೇ ಸಕ್ಕರೆ ಕಾಯಿಲೆಯಿಂದ ಕಣ್ಣೆದುರೇ ಹೋಗಿದ್ದರು. ಅಣ್ಣ ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತು ತಂಗಿಯನ್ನು ಓದಿಸಿದ್ದ. ಆ ಮಾತ್ರೆಯಿಂದ ಚೇತರಿಸಿಕೊಂಡವರನ್ನು ಅವಳು ದಿನವೂ ನೋಡುತ್ತಿದ್ದಳು. ಕಿಡ್ನಿ ಕೆಟ್ಟವರನ್ನು ದೂರವಿಡುವುದು ಅವರ ಒಳ್ಳೆಯದಕ್ಕೇ ಎಂದು ಅವಳಿಗೆ ಗೊತ್ತಿತ್ತು. ಅಣ್ಣನ ಸರದಿ ಬಂದಾಗ ಮಾತ್ರ ಅದನ್ನು ಒಪ್ಪಲು ಮನಸ್ಸು ಬರಲಿಲ್ಲ.

ಡಯಾಲಿಸಿಸ್ ಶುರುವಾಗಿ, ಸಂಜೆ ಅಣ್ಣ ಕಣ್ಣುಬಿಟ್ಟ. ಸ್ವಲ್ಪ ಹೊತ್ತಿಗೆ ಅತ್ತಿಗೆ ಠಾಣೆಗೆ ಫೋನ್ ಮಾಡಿದಳು.

“ತಂಗಿ ಎಲ್ಲಿ ಅಂತ ಕೇಳಿದ್ರು ಸಾರ್. ಡ್ಯೂಟೀಲಿದಾಳೆ ಅಂದಿದೀನಿ. ಬೆಳಿಗ್ಗೆಯಿಂದ ಹಸ್ಕೊಂಡಿದಾಳೆ. ಏನಾದ್ರೂ ತಿಂದಳಾ?”